ಗಾಜಿಗೆ ಅಂಟಿದ ಮುಖ

ಉಡುಪಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಅಪ್ಪನಿಂದ ಬಂದದ್ದು. ಕಾಪುವಿನ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದು ಬಾಗಿಲು ತೆಗೆದರೆ ಸಂಜೆ ಆರಕ್ಕೆ ಮುಚ್ಚಿ ಹೊರಡುತ್ತೇನೆ. ಕೃಷ್ಣನ ಪಟ, ಮದುವೆಯ ಫೋಟೋ, ಮಣಿಪಾಲದಲ್ಲಿ ಓದಿದವರ ಪದವಿ ಪತ್ರ, ತೀರಿಕೊಂಡವರ ದೊಡ್ಡದು ಮಾಡಿಸಿದ ಮುಖ, ನನ್ನ ಕೈಗೆ ಬರುವುದು ಇಂಥವೇ. ಇವುಗಳಲ್ಲಿ ಯಾವುದು ಕೆಟ್ಟರೂ ಇನ್ನೊಂದು ಪ್ರತಿ ತೆಗೆಸಬಹುದು. ಹಾಗಾಗಿ ಇಪ್ಪತ್ತು ವರ್ಷ ಕೆಲಸದ ಬಗ್ಗೆ ನನಗೆ ಭಯ ಎಂಬುದೇ ಇರಲಿಲ್ಲ. ಅದು ಶುರುವಾದದ್ದು ಕಾರ್ಕಳದ ಟೀಚರ್ ಒಂದು ಪಟ ತಂದು ನನ್ನ ಮೇಜಿನ ಮೇಲಿಟ್ಟ ಮೇಲೆ.

ಮಳೆ ಪೂರ್ತಿ ಹಿಂದೆ ಸರಿದಿದ್ದ ದಿನಗಳು. ಎಪ್ಪತ್ತು ದಾಟಿದ ಒಬ್ಬ ಹೆಂಗಸು ಹಳೆಯ ಹೊದಿಕೆಯಲ್ಲಿ ಸುತ್ತಿದ ಏನನ್ನೋ ಎದೆಗೆ ಒತ್ತಿಕೊಂಡು ಒಳಗೆ ಬಂದರು. ಕುತ್ತಿಗೆಯಲ್ಲಿ ಸಣ್ಣ ಶಿಲುಬೆಯ ಸರ, ಇಸ್ತ್ರಿ ಮಾಡಿದ ಹತ್ತಿ ಸೀರೆ.

"ಹಿರಿಯಡ್ಕದವರೆಗೆ ಕೂತುಕೊಳ್ಳಲಿಕ್ಕೆ ಜಾಗ ಸಿಗಲಿಲ್ಲ. ಇದನ್ನು ಹಿಡಿದುಕೊಂಡು ನಿಂತೇ ಬಂದೆ. ಮೊದಲು ಇದನ್ನು ನೀವು ತೆಗೆದುಕೊಳ್ಳಿ, ನನ್ನ ಕೈ ಬಿಟ್ಟು ಹೋಗ್ತದೆ" ಎಂದರು.

ಕಾರ್ಕಳದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಎಂದು ಮಾತಿನಲ್ಲಿ ತಿಳಿಯಿತು. ಮನೆಮಾತು ಕೊಂಕಣಿ. ನನ್ನದು ತುಳು. ನಾವಿಬ್ಬರೂ ಪುಸ್ತಕದಂಥ ಕನ್ನಡದಲ್ಲೇ ಮಾತಾಡಿಕೊಂಡೆವು.

ಹೊದಿಕೆ ಬಿಚ್ಚಿ ನೋಡಿದೆ. ಅದು ಬಣ್ಣದ ಚಿತ್ರವಾಗಿರಲಿಲ್ಲ. ತಾಮ್ರದ ತಗಡಿನ ಮೇಲೆ ಮೊನೆಯಿಂದ ಗೆರೆ ಕೊರೆದು, ಗೆರೆಗಳಿಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಅಚ್ಚು. ಒಂದೂವರೆ ಅಡಿ ಎತ್ತರ. ಯೇಸು ಹುಟ್ಟಿದ ರಾತ್ರಿಯ ದೃಶ್ಯ. ಮುರಿದ ಕಂಬಗಳಿಗೆ ಒರಗಿಸಿ ಕಟ್ಟಿದ ದನದ ಹಟ್ಟಿ, ಹುಲ್ಲು ತುಂಬಿದ ಗೋದಲಿ, ಅದರೊಳಗೆ ಬೆತ್ತಲೆ ಮಗು. ತಾಯಿ ಎರಡೇ ಬೆರಳುಗಳಲ್ಲಿ ಬಟ್ಟೆಯ ಅಂಚನ್ನು ಎತ್ತಿ ಮಗುವನ್ನು ಕುರುಬರಿಗೆ ತೋರಿಸುತ್ತಿದ್ದಾಳೆ. ಕುರುಬರು ಎಷ್ಟು ಅವಸರದಲ್ಲಿ ಬಂದಿದ್ದಾರೆಂದರೆ ಒಬ್ಬನು ಇನ್ನೊಬ್ಬನ ಬೆನ್ನ ಮೇಲೆ ಬೀಳುವ ಹಾಗಿದ್ದಾನೆ. ಮೇಲೆ ಮೋಡದಲ್ಲಿ ದೇವದೂತರು ಕೆರೆಗೆ ಧುಮುಕುವ ಮಕ್ಕಳಂತೆ ತಲೆಕೆಳಗಾಗಿದ್ದಾರೆ. ಚಿತ್ರದಲ್ಲಿ ದೀಪ ಎಲ್ಲೂ ಇಲ್ಲ. ಬೆಳಕು ಬರುವುದು ಮಗುವಿನಿಂದ. ಮಗುವಿನ ಸುತ್ತ ಕೊರೆದವನು ಗೆರೆಯನ್ನೇ ಎಳೆದಿಲ್ಲ, ಬರೀ ಕಾಗದ ಬಿಟ್ಟಿದ್ದಾನೆ. ದೂರ ಹೋದಷ್ಟೂ ಗೆರೆಗಳು ದಟ್ಟವಾಗುತ್ತ ಮೂಲೆಗಳಲ್ಲಿ ಕತ್ತಲೆ. ಎತ್ತಿನ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿತ್ತು. ಹಟ್ಟಿಯಲ್ಲಿ ದನ ನೋಡಿದವನೇ ಅದನ್ನು ಕೊರೆದಿರಬೇಕು.

"ನನ್ನ ಅಜ್ಜಿಯ ಅಮ್ಮನಿಗೆ ಇಟಲಿಯ ಒಬ್ಬ ಪಾದ್ರಿ ಕೊಟ್ಟದ್ದಂತೆ. ಎಷ್ಟು ಹಳೆಯದೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಬಸುರಿ ಆದರೆ ಇದನ್ನು ಅವರ ಮಂಚದ ಎದುರು ತೂಗುಹಾಕುವುದು ಕ್ರಮ. ಅಜ್ಜಿಗೆ, ಅಮ್ಮನಿಗೆ, ನನಗೆ, ಎಲ್ಲರಿಗೂ" ಎಂದರು ಟೀಚರ್. ಆಮೇಲೆ ದನಿ ತಗ್ಗಿಸಿದರು. "ಈಗ ಮಗಳಿಗೆ ಏಳನೇ ತಿಂಗಳು. ಮೊದಲು ಎರಡು ಸಲ ಹೋಗಿದೆ. ಈ ಸಲ ಡಾಕ್ಟರು ಮಲಗಿಯೇ ಇರಬೇಕು ಅಂದಿದ್ದಾರೆ. ಗಾಜಿನ ಒಳಗೆ ಬೂಸ್ಟು ಬಂದಿದೆ ನೋಡಿ. ಅವಳೇ ಹೇಳಿದ್ದು, ಅಮ್ಮಾ ವಾಸನೆ ಬರ್ತದೆ, ಇದನ್ನು ಸರಿ ಮಾಡಿಸು ಅಂತ. ಗಾಜು ಬದಲಿಸಿ, ಹಿಂದಿನ ಹಲಗೆ ಬದಲಿಸಿ. ಪಟಕ್ಕೆ ಮಾತ್ರ ಎಂತದೂ ಆಗಬಾರದು."

"ಹತ್ತು ದಿನ ಬಿಟ್ಟು ಬನ್ನಿ ಟೀಚರ್. ಎಂತದೂ ಆಗುವುದಿಲ್ಲ" ಎಂದೆ.

ಎರಡು ದಿನ ಬಿಟ್ಟು, ಸಂಜೆ ಐದೂವರೆಯ ಹೊತ್ತಿಗೆ ಅದನ್ನು ಬಿಚ್ಚಲು ಕೂತೆ. ಅಂಥ ಕೆಲಸಕ್ಕೆ ಅದು ಹೊತ್ತಲ್ಲ. ಆದರೂ ಹೊರಡುವ ಮೊದಲು ಹಿಂದಿನ ಹಲಗೆಯನ್ನಾದರೂ ತೆಗೆದಿಡೋಣ ಎನಿಸಿತು. ಮೊಳೆಗಳು ತುಕ್ಕು ಹಿಡಿದಿದ್ದವು, ಒಂದೊಂದಾಗಿ ಬಂದವು. ಹಲಗೆಯನ್ನು ಗೆದ್ದಲು ಅರ್ಧ ತಿಂದಿತ್ತು. ಗಾಜು ಮತ್ತು ಕಾಗದ ಒಟ್ಟಿಗೆ ಹೊರಗೆ ಬಂದವು. ಹಳೆಯ ಪಟವಾದರೆ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ಕಾಗದ ಎಲ್ಲಿ ಅಂಟಿದೆಯೋ ಅಲ್ಲಿ ಒದ್ದೆಯಾದ ಹಾಗೆ ಕಾಣುತ್ತದೆ ಎಂದು ಅಪ್ಪ ಕಲಿಸಿದ್ದರು. ಹಿಡಿದು ನೋಡಿದೆ. ನಡುವೆ ಒಂದು ಒದ್ದೆಯಂಥ ಕಲೆ ಕಂಡಿತು. ಕಂಡದ್ದು ನಿಜ. ಬೂಸ್ಟಿನ ಕಲೆಯಿರಬೇಕು ಎಂದುಕೊಂಡು ಗಾಜನ್ನು ಎತ್ತಿದೆ.

ಒಣಗಿದ ಎಲೆ ಸೀಳಿದಂಥ ಸಣ್ಣ ಸದ್ದು. ಕಾಗದದ ಮೇಲಿನ ಪದರ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಗಾಜಿನಲ್ಲೇ ಉಳಿಯಿತು. ತಿರುಗಿಸಿ ನೋಡಿದೆ. ಮಗುವಿನ ಮುಖ, ಒಂದು ಭುಜ, ಬಟ್ಟೆ ಎತ್ತಿ ಹಿಡಿದ ತಾಯಿಯ ಎರಡು ಬೆರಳು. ಕೆಳಗೆ ಪಟದಲ್ಲಿ ಅದೇ ಆಕಾರದ ಬಿಳಿ ಹಳ್ಳ. ಕುರುಬರೆಲ್ಲ ಆ ಹಳ್ಳವನ್ನೇ ನೋಡುತ್ತಿದ್ದರು.

ಪಟವನ್ನೂ ಗಾಜನ್ನೂ ಬೇರೆ ಬೇರೆಯಾಗಿ ಬಿಳಿ ಕಾಗದದ ನಡುವೆ ಇಟ್ಟು ದೊಡ್ಡ ಡ್ರಾಯರಿಗೆ ಸೇರಿಸಿ ಬೀಗ ಹಾಕಿದೆ. ಬಸ್ಸಿನಲ್ಲಿ ಕಾಪು ಬಂದದ್ದು ಗೊತ್ತಾಗದೆ ಮುಂದಿನ ನಿಲ್ದಾಣದಲ್ಲಿ ಇಳಿದು ಹೆದ್ದಾರಿಯ ಬದಿಯಲ್ಲಿ ಹಿಂದಕ್ಕೆ ನಡೆದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ವೈರಿಂಗ್ ಕೆಲಸದವರು, ಯಾವ ಸಮಸ್ಯೆಗೂ ಒಂದು ತಂತಿ ಎಲ್ಲೋ ಬಿಟ್ಟಿದೆ ಎಂಬ ನಂಬಿಕೆ. "ಫೋನ್ ಮಾಡಿ ಹೇಳಿಬಿಡು ಮಾರಾಯ್ತಿ. ಒಂದು ದಿನ ಬೈತಾರೆ, ಮುಗೀತದೆ" ಎಂದರು.

"ಆ ಹುಡುಗಿಗೆ ಏಳು ತಿಂಗಳು. ಮಗುವಿನ ಮುಖವೇ ಕಿತ್ತು ಬಂತು ಅಂತ ಹೇಗೆ ಹೇಳುವುದು?"

ಅವರಿಗೂ ಅರ್ಥವಾಯಿತು.

ಮೂರನೆಯ ದಿನ ಟೀಚರ ಫೋನು ಬಂತು. "ಆಯ್ತಾ? ಅವಸರ ಇಲ್ಲ, ಸುಮ್ಮನೆ ಕೇಳಿದೆ. ಮಗಳಿಗೆ ಸ್ವಲ್ಪ ಬಿ.ಪಿ. ಜಾಸ್ತಿ ಆಗಿದೆ. ಪಟ ಎದುರು ಇದ್ದಿದ್ದರೆ ಒಂದು ಧೈರ್ಯ."

"ಹಲಗೆಗೆ ಗೆದ್ದಲು ಹಿಡಿದಿತ್ತು ಟೀಚರ್. ಹೊಸದು ಮಾಡಿಸ್ತಾ ಇದ್ದೇನೆ" ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದರ ಹಿಂದಿನ ಸುಳ್ಳು ನನಗೆ ಮಾತ್ರ ಗೊತ್ತಿತ್ತು.

ಎರಡು ದಿನಕ್ಕೊಮ್ಮೆ ಫೋನು ಬರತೊಡಗಿತು. ಪ್ರತಿ ಸಲ ಮೊದಲು ಪಟದ ವಿಷಯ, ಆಮೇಲೆ ಮಗಳ ಕಾಲಿನ ಊತ, ತಲೆನೋವು, ಸ್ಕ್ಯಾನಿಂಗಿನಲ್ಲಿ ಮಗು ಸ್ವಲ್ಪ ಸಣ್ಣ ಉಂಟು ಅಂದದ್ದು. ಅಂಗಡಿಗೆ ಬಂದವರು ಹೇಳಿದ ಅಳತೆ ಕಿವಿಗೆ ಬೀಳುತ್ತಿರಲಿಲ್ಲ. ಒಬ್ಬರ ಮದುವೆಯ ಫೋಟೋಗೆ ತೀರಿಕೊಂಡವರ ಪಟಕ್ಕೆ ಹಾಕುವ ಕಪ್ಪು ಕಟ್ಟು ಹಾಕಿಟ್ಟೆ. ಪುಣ್ಯಕ್ಕೆ ಅವರು ಬರುವ ಮೊದಲೇ ಕಣ್ಣಿಗೆ ಬಿತ್ತು.

ಒಂದು ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ಸಪೂರ ಪೆನ್ನಿನಲ್ಲಿ ಬೇರೆ ಕಾಗದದ ಮೇಲೆ ಒಂದು ಮಗುವಿನ ಮುಖ ಬರೆದೆ. ಹರಿದ ಅಂಚುಗಳನ್ನು ಸೇರಿಸಿ, ಒಳಗೆ ನನ್ನದೊಂದು ಮುಖ ಅಂಟಿಸಿ, ಮೇಲೆ ಹೊಸ ಗಾಜು ಹಾಕಿದರೆ ಎಪ್ಪತ್ತು ದಾಟಿದ ಕಣ್ಣಿಗೆ ಕಾಣುತ್ತದೆಯೇ ಎಂಬ ಲೆಕ್ಕಾಚಾರ. ಚಿಕ್ಕಂದಿನಿಂದ ಚಿತ್ರ ಬರೆಯುವ ಕೈ ನನ್ನದು. ಎತ್ತಿನ ಕಿವಿ ಬರೆ ಎಂದರೆ ಬರೆಯುತ್ತಿದ್ದೆ. ಆದರೆ ಆ ಮುಖ ಬರಲಿಲ್ಲ. ಎಂಟು ಸಲ ಬರೆದೆ. ಎಂಟೂ ದೊಡ್ಡವರ ಮುಖಗಳು, ಮುಚ್ಚಿದ ಬಾಯಿಯ ಮುದುಕರು.

ಅದಕ್ಕೆ ಕಾರಣ ನನಗೆ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ನಾನೂ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಲಗಿದ್ದೆ. ಮಗು ಹೊಟ್ಟೆಯಲ್ಲೇ ಹೋಗಿತ್ತು. ನೋಡ್ತೀರಾ ಎಂದು ನರ್ಸ್ ಕೇಳಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಮನೆಯ ಹಿರಿಯರು, ಬೇಡ, ನೋಡಿದರೆ ಮರೆಯಲಿಕ್ಕೆ ಆಗುವುದಿಲ್ಲ ಎಂದರು. ನಾನು ನೋಡಲಿಲ್ಲ. ಮರೆಯಲೂ ಇಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಎಂಟು ಕಾಗದಗಳನ್ನೂ ಹರಿದು ಬುಟ್ಟಿಗೆ ಹಾಕಿ, ಬಾಗಿಲು ಪೂರ್ತಿ ತೆರೆದೆ.

ಮರುದಿನವೇ ಪರ್ಕಳಕ್ಕೆ ಹೋದೆ. ಅಲ್ಲಿ ಬಾಡಿಗೆಯ ಕೋಣೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಒಂದು ಗ್ರಂಥಾಲಯದಲ್ಲಿ ಹಳೆಯ ಪುಸ್ತಕ, ಓಲೆಗರಿ, ನಕ್ಷೆಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದವರು. ಅಪ್ಪನಿಗೆ ಪರಿಚಯ. ಪಟವನ್ನೂ ಗಾಜನ್ನೂ ಎರಡು ರಟ್ಟುಗಳ ನಡುವೆ ಕಟ್ಟಿ, ಬಸ್ಸು ಬೇಡವೆಂದು ರಿಕ್ಷಾದಲ್ಲಿ ಹೋದೆ. ರಸ್ತೆಯ ಒಂದೊಂದು ಉಬ್ಬಿಗೂ ಜೀವ ಹೋಗಿ ಬರುತ್ತಿತ್ತು.

ಅವರು ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಮೊದಲು ನೋಡಿದ್ದು ಹರಿದದ್ದನ್ನಲ್ಲ, ಉಳಿದ ಪಟವನ್ನು.

"ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ್ದೀಯಾ? ಗೆರೆ ಗೆರೆ ಕಾಣ್ತದೆ. ಕೈಯಲ್ಲಿ ಮಾಡಿದ ಕಾಗದ. ಮುನ್ನೂರು ವರ್ಷದ ಹತ್ತಿರ ಇರಬಹುದು. ಯುರೋಪಿನವರು ಆ ಕಾಲದ ಕೆಲಸಕ್ಕೆ ಬರೋಕ್ ಅಂತಾರೆ. ಎಲ್ಲರೂ ಓಡಿ ಬಂದು ಬಿದ್ದ ಹಾಗೆ, ಅರ್ಧ ಕತ್ತಲೆ, ಅರ್ಧ ಬೆಳಕು. ನೋಡುವವನನ್ನೂ ಕೈ ಹಿಡಿದು ಒಳಗೆ ಎಳೆಯಬೇಕು ಅವರಿಗೆ" ಎಂದರು.

"ಇದು ಸರಿ ಆಗ್ತದಾ ಮಾಮ?" ನನಗೆ ಅದೊಂದೇ ಬೇಕಿತ್ತು.

"ಮುಖ ಎಲ್ಲಿಗೂ ಹೋಗಲಿಲ್ಲ ಮಗಾ. ಗಾಜಿನಲ್ಲಿ ಉಂಟಲ್ಲ. ಮಸಿ ಎಣ್ಣೆಯದ್ದು, ನೀರಿಗೆ ಹೆದರುವುದಿಲ್ಲ. ಆಗಿನ ಕಾಗದಕ್ಕೆ ಮಾಡುವಾಗಲೇ ಒಂದು ತರಹದ ಅಂಟು ಹಾಕುತ್ತಿದ್ದರು. ನಮ್ಮ ಮಳೆಗಾಲದ ಥಂಡಿಗೆ ಅದು ಕರಗಿ ಗಾಜಿಗೆ ಹಿಡಿದಿದೆ. ಥಂಡಿಯಿಂದಲೇ ಬಿಡಿಸಬೇಕು. ಆದರೆ ನೀರು ತಾಗಬಾರದು, ಬರೀ ಹಬೆಯಂಥ ತೇವ." ಅವರು ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಿಲ್ಲದೆ ನಡುಗುತ್ತಿದ್ದವು. "ನಾನು ಮಾಡಲಾರೆ. ನೀನೇ ಮಾಡಬೇಕು."

"ನನ್ನಿಂದ ಇನ್ನೂ ಹಾಳಾದರೆ?"

"ಆಗಬಹುದು" ಎಂದರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ.

ಅವರು ಹೇಳಿದಂತೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಟಬ್ಬು ಇಟ್ಟೆ. ತಳಕ್ಕೆ ಒದ್ದೆ ಮಾಡಿ ಹಿಂಡಿದ ಶಾಯಿ ಹೀರುವ ಕಾಗದ, ಅದಕ್ಕೆ ತಾಗದಂತೆ ನಾಲ್ಕು ಮರದ ತುಂಡುಗಳ ಮೇಲೆ ಗಾಜು, ಮುಖ ಅಂಟಿದ ಬದಿ ಮೇಲೆ. ಮೇಲೊಂದು ಮುಚ್ಚಳ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಹೊರಡುವ ಮೊದಲೊಮ್ಮೆ ತೆರೆದು, ಸಪೂರ ಬ್ಲೇಡಿನ ತುದಿಯಿಂದ ಅಂಚನ್ನು ಮುಟ್ಟಿ ನೋಡುವುದು. ಬರುವಂತಿದ್ದರೆ ಕೂದಲೆಳೆಯಷ್ಟು ಎತ್ತುವುದು. ಇಲ್ಲದಿದ್ದರೆ ಮುಚ್ಚಿಬಿಡುವುದು.

ಮೊದಲ ಎರಡು ದಿನ ಅದು ಅಲುಗಲೇ ಇಲ್ಲ. ಮೂರನೆಯ ದಿನ ಭುಜದ ಕಡೆಯ ಅಂಚು ಎದ್ದಿತು. ನಾಲ್ಕನೆಯ ದಿನ ಮುಚ್ಚಳ ತೆಗೆದಾಗ ಬೂಸ್ಟಿನ ವಾಸನೆ ಬಂತು. ಒಂದು ಬಿಳಿ ಚುಕ್ಕೆ, ಸಾಸಿವೆಗಿಂತ ಸಣ್ಣದು, ತಾಯಿಯ ಬೆರಳಿನ ಪಕ್ಕ. ಫೋನು ಮಾಡಿದೆ. "ಎರಡು ತಾಸು ಗಾಳಿಗೆ ತೆರೆದಿಡು. ಹೀರುವ ಕಾಗದ ಬದಲಿಸು. ಅಳಬೇಡ, ಕಣ್ಣೀರು ಬಿದ್ದೀತು" ಎಂದರು ಮಾಮ. ತಮಾಷೆಗೆ ಹೇಳಿದರೋ ನಿಜಕ್ಕೋ ಗೊತ್ತಾಗಲಿಲ್ಲ. ನಾನು ಅಳುತ್ತಿದ್ದೆ ನಿಜ.

ಆರನೆಯ ದಿನ ಮಧ್ಯಾಹ್ನ, ಬ್ಲೇಡು ಮುಖದ ಕೆಳಗೆ ತಾನಾಗಿ ಜಾರಿತು. ಮುಖ ಎದ್ದು ಬಂತು. ಉಸಿರು ಬಿಟ್ಟರೆ ಹಾರುವಷ್ಟು ತೆಳು. ಗಾಜಿನಲ್ಲಿ ಒಂದೇ ಒಂದು ಚೂರು ಉಳಿಯಿತು, ಮಗುವಿನ ಹಣೆಯ ಮೇಲಿನ ಅಂಚಿನದು, ಅದು ಪುಡಿಯಾಗಿ ಹೋಯಿತು. ಮಾಮ ಕೊಟ್ಟಿದ್ದ ಗೋಧಿಯ ಗಂಜಿಯಂಥ ಅಂಟನ್ನು ಹಳ್ಳಕ್ಕೆ ಸವರಿ, ಚಿಮಟದಿಂದ ಮುಖವನ್ನು ಅದರ ಜಾಗಕ್ಕೆ ಇಳಿಸಿದೆ. ಗೆರೆಗೆ ಗೆರೆ ಸೇರಿತು. ಹಣೆಯ ಬಳಿ ಮಾತ್ರ ಅಕ್ಕಿ ನುಚ್ಚಿನಷ್ಟು ಬಿಳಿ ಉಳಿಯಿತು. ಸುತ್ತಲೂ ಬಿಳಿಯೇ ಇದ್ದುದರಿಂದ ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ.

ಆಗ ನನಗೆ ಇನ್ನೊಂದು ಆಸೆ ಶುರುವಾಯಿತು. ಇನ್ನೇನು ಹೇಳುವುದು, ಸರಿಯಾಯಿತಲ್ಲ, ಕೊಟ್ಟುಬಿಟ್ಟರೆ ಮುಗಿಯಿತು. ಆ ಆಸೆಯೊಂದಿಗೆ ಒಂದು ದಿನ ಪೂರ್ತಿ ಕಳೆದೆ. ಸಂಜೆ ಟೀಚರ ಫೋನು ಬಂತು. ದನಿ ಒಡೆದಿತ್ತು.

"ಮಗಳನ್ನು ಮಣಿಪಾಲಕ್ಕೆ ಸೇರಿಸಿದ್ದೇವೆ. ಬಿ.ಪಿ. ಇಳೀತಾ ಇಲ್ಲ. ಮಗುವನ್ನು ಬೇಗ ತೆಗೆಯಬೇಕಾಗಬಹುದು ಅಂತಾರೆ. ಪಟ ಹೇಗೆ ಉಂಟೋ ಹಾಗೆ ತಂದುಕೊಡಿ. ಕಟ್ಟು ಇಲ್ಲದಿದ್ದರೂ ಅಡ್ಡಿಲ್ಲ."

ಬೆಳಿಗ್ಗೆ ಪಟವನ್ನು ರಟ್ಟುಗಳ ನಡುವೆ ಇಟ್ಟುಕೊಂಡು ಮಣಿಪಾಲದ ಬಸ್ಸು ಹತ್ತಿದೆ. ಹೇಳದೆ ಕೊಟ್ಟರೆ, ಏನಾದರೂ ಆದಲ್ಲಿ ಜೀವನ ಪೂರ್ತಿ ನಾನೊಬ್ಬಳೇ ಅದನ್ನು ಹೊರಬೇಕು. ಹೇಳಿ ಕೊಟ್ಟರೆ, ಏನಾದರೂ ಆದಲ್ಲಿ ಅವರು ನನ್ನ ಮುಖ ನೋಡಲಾರರು. ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೂ ಇವೆರಡರ ನಡುವೆ ಅಲೆಯುತ್ತಿದ್ದೆ.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಟೀಚರ್ ಒಬ್ಬರೇ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು ಕೈಚಾಚಿದರು. ನಾನು ಕೊಡಲಿಲ್ಲ.

"ಟೀಚರ್, ಮೊದಲು ಒಂದು ಮಾತು ಕೇಳಿ. ಗಾಜು ತೆಗೆಯುವಾಗ ಇದು ನನ್ನ ಕೈಯಲ್ಲಿ ಹರಿದಿದೆ. ಮಗುವಿನ ಮುಖ ಗಾಜಿಗೆ ಅಂಟಿ ಕಿತ್ತು ಬಂತು. ಅಂಟಿದೆ ಅಂತ ನನಗೆ ಕಂಡಿತ್ತು, ಆದರೂ ಅವಸರ ಮಾಡಿದೆ. ಈಗ ಬಿಡಿಸಿ ಅಂಟಿಸಿದ್ದೇನೆ. ಹಣೆಯ ಹತ್ತಿರ ಒಂದು ಚೂರು ಹೋಗಿದೆ. ಇಷ್ಟು ದಿನ ನಿಮಗೆ ಹೇಳದೆ ಇದ್ದದ್ದು ತಪ್ಪು."

ಅವರು ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ನನ್ನನ್ನು ನೋಡಿದ ಆ ನೋಟದಲ್ಲಿ ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರ ಸಿಟ್ಟಿತ್ತು.

"ಎಷ್ಟು ದಿನ ಆಯ್ತು?"

"ನೀವು ಕೊಟ್ಟು ಎರಡೇ ದಿನಕ್ಕೆ ಹರಿಯಿತು."

"ಹಾಗಾದರೆ ನಾನು ಫೋನ್ ಮಾಡಿದಾಗಲೆಲ್ಲ, ನನ್ನ ಮಗಳ ವಿಷಯ ಹೇಳಿದಾಗಲೆಲ್ಲ, ಆ ಮುಖ ಬೇರೆ ಕಡೆ ಇತ್ತು. ನೀವು ಹ್ಞೂಂ ಹ್ಞೂಂ ಅಂತ ಕೇಳಿದಿರಿ."

"ಹೌದು ಟೀಚರ್."

"ನಾನು ಈಗ ನಿಮ್ಮ ಹತ್ತಿರ ಮಾತಾಡಿದರೆ ಆಡಬಾರದ್ದು ಆಡ್ತೇನೆ. ಮದ್ದು ತರಲಿಕ್ಕೆ ಹೋಗಬೇಕು" ಎಂದು ಚೀಟಿ ಹಿಡಿದುಕೊಂಡು ಹೊರಟುಹೋದರು. ಪಟ ನನ್ನ ಕೈಯಲ್ಲೇ ಉಳಿಯಿತು. ಬೆಂಚಿನ ಮೇಲೆ ಇಟ್ಟು ಹೋಗುವ ವಸ್ತುವಲ್ಲ. ಅಲ್ಲೇ ಕೂತೆ.

ಐದು ನಿಮಿಷಕ್ಕೆ ಒಬ್ಬ ನರ್ಸ್ ಬಂದು, "ಪಟದವರು ನೀವಾ? ಒಳಗೆ ಕರೀತಾರೆ" ಎಂದರು.

ಬಾಗಿಲ ಪಕ್ಕದ ಮಂಚದಲ್ಲಿ ಟೀಚರ ಮಗಳು ಎಡಮಗ್ಗುಲಾಗಿ ಮಲಗಿದ್ದಳು. ಮೂವತ್ತೈದರ ಆಸುಪಾಸಿನವಳು. ಮುಖ ಊದಿತ್ತು, ಕೈಗೆ ಡ್ರಿಪ್ ಹಾಕಿದ್ದರು. "ಅಮ್ಮನ ದನಿ ಕೇಳಿಸಿತು. ತೋರಿಸಿ ನೋಡುವ" ಎಂದಳು.

ರಟ್ಟು ಬಿಚ್ಚಿ ತೋರಿಸಿದೆ. ಅವಳು ಹಣೆಯ ಚೂರನ್ನು ಹುಡುಕಲಿಲ್ಲ. ಒಮ್ಮೆ ನೋಡಿ ಮುಖ ತಿರುಗಿಸಿದಳು.

"ಅಕ್ಕಾ, ಒಂದು ಹೇಳ್ತೇನೆ, ಅಮ್ಮನಿಗೆ ಬೇಡ. ಮೊದಲ ಎರಡು ಸಲವೂ ಇದು ನನ್ನ ಎದುರು ಇತ್ತು. ಕಣ್ಣು ಬಿಟ್ಟರೆ ಇದೇ. ಎರಡು ಸಲವೂ ಹೋದ ದಿನ ಮನೆಗೆ ಬಂದು ಮಲಗಿದಾಗ ಇದೇ ಎದುರು. ಅವರಿಗೆಲ್ಲ ಮಗು ಉಂಟು, ಎಲ್ಲರೂ ಓಡಿ ಬಂದು ನೋಡ್ತಾರೆ. ನನಗೆ ಉಸಿರು ಕಟ್ಟುತ್ತಿತ್ತು. ಈ ಸಲ ಅಮ್ಮ ಮತ್ತೆ ತೂಗುಹಾಕಿದಾಗ ಬೂಸ್ಟಿನ ವಾಸನೆ ಬರ್ತದೆ ಅಂತ ಸುಳ್ಳು ಹೇಳಿದೆ. ಹೇಗಾದರೂ ಕೋಣೆಯಿಂದ ಹೊರಗೆ ಹೋಗಲಿ ಅಂತ. ನೀವು ತಡ ಮಾಡಿದಷ್ಟೂ ನನಗೆ ನಿದ್ದೆ ಬರ್ತಿತ್ತು."

ಇಷ್ಟು ದಿನ ನಾನು ಯಾರಿಗಾಗಿ ಹೆದರಿದ್ದೆನೋ ಅವಳು ಪಟ ಬರುವುದಕ್ಕೇ ಹೆದರಿ ಮಲಗಿದ್ದಳು.

"ಇದನ್ನು ತೆಗೆದುಕೊಂಡು ಹೋಗಿ. ಇಲ್ಲಿ ಮೊಳೆ ಹೊಡೆಯಲಿಕ್ಕೆ ಬಿಡುವುದಿಲ್ಲ, ಆದರೂ ಅಮ್ಮ ಕುರ್ಚಿ ಮೇಲಾದರೂ ಇಡ್ತಾಳೆ. ಎಂತಾದರೂ ಹೇಳಿ."

"ಇನ್ನು ಸುಳ್ಳು ಹೇಳಲಿಕ್ಕೆ ನನ್ನಿಂದಾಗುವುದಿಲ್ಲ ತಂಗೀ" ಎಂದೆ. ಆಮೇಲೆ ಯೋಚಿಸಿ ಹೇಳಿದೆ, "ಆದರೆ ಅಂಟು ಪೂರ್ತಿ ಒಣಗಲಿಕ್ಕೆ ಇನ್ನೂ ಎರಡು ವಾರ ಭಾರದ ಕೆಳಗೆ ಇಡಬೇಕು. ಅದು ನಿಜ."

ಅವಳು ನಕ್ಕಳು. "ನಿಮಗೆ ಮಕ್ಕಳು?" ಎಂದು ಕೇಳಿದಳು. ಒಂದು ಮಗು ಹೋಯಿತು, ಮುಖ ನೋಡಲಿಲ್ಲ ಎಂದೆ. ಅವಳು ಡ್ರಿಪ್ ಇಲ್ಲದ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಾನು ಎರಡನ್ನೂ ನೋಡಿದೆ" ಎಂದಳು. ಟೀಚರ್ ಮದ್ದಿನ ಕವರಿನೊಂದಿಗೆ ಬರುವವರೆಗೂ ಬಿಡಲಿಲ್ಲ.

ಒಣಗಲು ಎರಡು ವಾರ ಬೇಕೆಂಬುದನ್ನು ಟೀಚರಿಗೆ ಹೇಳಿದೆ. ಅವರು ನನ್ನ ಕಡೆ ನೋಡದೆ, "ನಿಮಗೆ ತೋಚಿದ ಹಾಗೆ ಮಾಡಿ" ಎಂದರು.

ಪಟವನ್ನು ಅಂಗಡಿಗೆ ತಂದು ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಗಾಜಿನ ಹಾಳೆಗಳನ್ನು ಪೇರಿಸಿದೆ. ಮುಂದಿನ ನಾಲ್ಕು ದಿನಗಳನ್ನು ಹೇಗೆ ಕಳೆದೆನೆಂದು ಕೇಳಿದರೆ ಹೇಳಲಾರೆ. ಮೊದಲು ಹರಿದ ಪಟದ ಭಯವಿತ್ತು. ಈಗ ಪಟ ಅಲ್ಲಿಲ್ಲದ ಭಯ. ಮಗುವಿಗೆ ಏನಾದರೂ ಆದರೆ ಟೀಚರ್ ಯಾವುದಕ್ಕೆ ನನ್ನನ್ನು ದೂರುತ್ತಾರೆ, ಹರಿದದ್ದಕ್ಕೋ, ಕೊಡದೆ ತಂದದ್ದಕ್ಕೋ? ಮಗಳು ಹೇಳಿದ ಗುಟ್ಟನ್ನು ಬಿಟ್ಟುಕೊಡದೆ ನಾನು ಹೇಗೆ ಉತ್ತರಿಸಲಿ? ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಹಲಗೆಗಳ ಬಳಿ ಹೋಗಿ, ಭಾರ ಸರಿಯಾಗಿ ಕೂತಿದೆಯೇ ಎಂದು ಮತ್ತೆ ಮತ್ತೆ ನೋಡಿ ಬರುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎರಡು ಸಲ ರಿಂಗಾಗಲು ಬಿಟ್ಟೆ. ಮೂರನೆಯ ಸಲ ಎತ್ತಿದೆ.

"ಅಕ್ಕಾ, ನಾನು." ದನಿ ಬಾವಿಯ ಒಳಗಿಂದ ಬಂದಂತಿತ್ತು. "ನಿನ್ನೆ ಆಪರೇಷನ್ ಆಯ್ತು. ಹೆಣ್ಣು. ಒಂದೂವರೆ ಕೆಜಿ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇವತ್ತು ಬೆಳಿಗ್ಗೆ ತಾನಾಗಿಯೇ ಉಸಿರಾಡಿದಳು."

"ನೀನು?"

"ನಾನು ಉಂಟು" ಎಂದಳು.

ಫೋನು ಇಟ್ಟ ಮೇಲೆ ಅಂಗಡಿಯ ಮುಂದಿನ ಮೆಟ್ಟಿಲಿನಲ್ಲಿ ಕೂತೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಬಂದು, "ಎಂತ ಆಯ್ತು? ನೀರು ಬೇಕಾ?" ಎಂದು ಕೇಳಿದರು. ಬೇಕು ಎಂದೆ.

ಮುಂದೆಯೂ ಸುಲಭವಾಗಲಿಲ್ಲ. ಮಗುವಿಗೆ ಒಮ್ಮೆ ಸೋಂಕು ತಗಲಿ ಮೂರು ದಿನ ಯಾರೂ ಫೋನು ಮಾಡಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ. ತೂಕ ಸ್ವಲ್ಪ ಏರುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು. ಆರು ವಾರದ ಮೇಲೆ ಮನೆಗೆ ಕಳಿಸಿದರು. ಅಷ್ಟರಲ್ಲಿ ಪಟ ಒಣಗಿ, ಗಾಜಿಗೂ ಕಾಗದಕ್ಕೂ ನಡುವೆ ಸಪೂರ ರಟ್ಟಿನ ಅಂಚು ಕೊಟ್ಟು ಕಟ್ಟು ಹಾಕಿ ಆಗಿತ್ತು. ಒಂದು ದಿನ ಟೀಚರ್ ಫೋನು ಮಾಡಿ, ಭಾನುವಾರ ಇಗರ್ಜಿಯಲ್ಲಿ ಮಗುವಿಗೆ ಹೆಸರಿಡುವ ಜ್ಞಾನಸ್ನಾನ ಉಂಟು, ಪಟ ತೆಗೆದುಕೊಂಡು ನೀವೂ ನಿಮ್ಮ ಯಜಮಾನರೂ ಬನ್ನಿ ಎಂದರು. ಬೇರೆ ಏನೂ ಹೇಳಲಿಲ್ಲ.

ಕಾರ್ಕಳದ ಆ ಮನೆಯಲ್ಲಿ ಮಗಳು ತಾಯಿಗೆ ಅಷ್ಟರಲ್ಲಿ ಎಲ್ಲವನ್ನೂ ಹೇಳಿದ್ದಳು ಎಂದು ಒಳಗೆ ಕಾಲಿಡುವಾಗಲೇ ತಿಳಿಯಿತು. ಪಟವನ್ನು ಟೀಚರ್ ನನ್ನ ಕೈಯಿಂದ ತೆಗೆದುಕೊಂಡು ಬಾಣಂತಿಯ ಕೋಣೆಯನ್ನು ದಾಟಿ ಚಾವಡಿಗೆ ಒಯ್ದರು. ಅಲ್ಲಿ ಟಿ.ವಿ.ಯ ಮೇಲೆ ಮೊದಲೇ ಮೊಳೆ ಹೊಡೆಸಿಟ್ಟಿದ್ದರು. ನನ್ನ ಗಂಡ ಸ್ಟೂಲು ಹತ್ತಿ ತೂಗುಹಾಕಿದರು.

"ಅವಳು ನನಗೆ ಹೇಳಬಹುದಿತ್ತು. ಎರಡು ಸಲ ನಾನೇ ತಂದು ಅವಳ ಎದುರು ಹಾಕಿದ್ದು. ಒಳ್ಳೆಯದಕ್ಕೆ ಅಂತ" ಎಂದರು ಟೀಚರ್, ಪಟವನ್ನೇ ನೋಡುತ್ತ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಲಿಲ್ಲ, ಗೊತ್ತುಂಟಲ್ಲ?" ಎಂದರು.

"ಗೊತ್ತುಂಟು ಟೀಚರ್."

"ಆದರೂ ಊಟ ಮಾಡಿಯೇ ಹೋಗಬೇಕು."

ಊಟಕ್ಕೆ ಬಂದ ನೆಂಟರು ಒಬ್ಬೊಬ್ಬರಾಗಿ ಪಟದ ಎದುರು ನಿಂತಾಗ ಟೀಚರ್ ನನ್ನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿ ಪರಿಚಯಿಸತೊಡಗಿದರು. "ಇವರೇ ಇದನ್ನು ಹರಿದದ್ದು. ಇವರೇ ಅಂಟಿಸಿದ್ದು. ಇಲ್ಲಿ ನೋಡಿ, ಹಣೆಯಲ್ಲಿ ಒಂದು ಚೂರು ಇಲ್ಲ." ಮೊದಲ ಸಲ ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ನಾಲ್ಕನೆಯವರ ಹೊತ್ತಿಗೆ ಎಲ್ಲಿ ಎಂದು ನಾನೇ ಬೆರಳಿಟ್ಟು ತೋರಿಸುತ್ತಿದ್ದೆ.

ಹೊರಡುವಾಗ ಮಗಳು ಕೋಣೆಯಿಂದ ಕರೆದು, ಬಿಳಿ ಅರಿವೆಯಲ್ಲಿ ಸುತ್ತಿದ್ದ ಮಗುವನ್ನು ನನ್ನ ತೋಳಿಗೆ ಕೊಟ್ಟಳು. ಬೆಕ್ಕಿನ ಮರಿಯಷ್ಟು ಹಗುರ. ಕಣ್ಣು ಬಿಡಲಿಲ್ಲ. ಮೂಗಿನ ತುದಿಯಲ್ಲಿ ಬೆವರಿನ ಸಣ್ಣ ಹನಿಗಳಿದ್ದವು. ಬಾಯಿ ಒಮ್ಮೆ ವಕ್ರವಾಗಿ ತೆರೆದುಕೊಂಡು, ಇಷ್ಟು ಸಣ್ಣ ದೇಹದೊಳಗೆ ಎಲ್ಲಿತ್ತೋ ಎಂಬಂಥ ದೊಡ್ಡ ಅಳು ಹೊರಟಿತು. ನಾನು ಗಾಬರಿಯಾಗಿ ಹಿಂದಕ್ಕೆ ಕೊಡಹೋದೆ.

"ಹಿಡಿದುಕೊಳ್ಳಿ ಅಕ್ಕಾ, ಅದು ಹಸಿವಿನದ್ದಲ್ಲ. ಸುಮ್ಮನೆ ಅಳ್ತಾಳೆ" ಎಂದಳು ಅವಳು, ಕೂದಲು ಬಾಚಿಕೊಳ್ಳುತ್ತ.